ಕಡಲೆ ಕುಡಿ ಚಿವುಟುವ ಮುಂಚೆ ಹೊಲದ ಹಸಿ ನೋಡಿ

ನಮ್ಮದು ಗದಗ ಸೀಮೆಯ ಎರೆ ಹೊಲ. 4 ಎಕರೆ, ಮಳೆಯೇ ಗತಿ. ಹಿಂಗಾರಿಗೆ ಕಡಲೆ ಬಿತ್ತುತ್ತೇವೆ. ತಿಂಗಳಾದ ಮೇಲೆ ಕುಡಿ ಚಿವುಟಬೇಕು ಎಂದು ನಮ್ಮಪ್ಪ ಹೇಳಿಕೊಟ್ಟಿದ್ದರು. ಯಾಕೆ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕುಡಿ ಪಲ್ಯಕ್ಕಾಗುತ್ತಿತ್ತು, ಗಿಡ ಅಗಲವಾಗಿ ಹರಡುತ್ತಿತ್ತು, ಅಷ್ಟೇ ಗೊತ್ತು.

2018ರ ಹಿಂಗಾರಿಯಲ್ಲಿ ಇದೇ ನನಗೆ ಹೊಡೆತ ಕೊಟ್ಟಿತು. ಆಳು ಸಿಗದೆ 50ನೇ ದಿನಕ್ಕೆ ಚಿವುಟಿಸಿದೆ. ಆಗಲೇ ಹೂ ಕಾಣಿಸಿಕೊಂಡಿತ್ತು. ಮಳೆ ಕೈಕೊಟ್ಟು ನೆಲ ಬಿರುಕು ಬಿಟ್ಟಿತ್ತು. ಗಿಡ ಮತ್ತೆ ಕವಲೊಡೆಯಲಿಲ್ಲ. ಚಿವುಟದೆ ಬಿಟ್ಟ ಮೂಲೆಯೇ ಚೆನ್ನಾಗಿತ್ತು! ಕೂಲಿ ಕೊಟ್ಟು ಬೆಳೆ ಕಳಕೊಂಡಂಗಾಯ್ತು.

ಕೃಷಿ ಓದುವ ತಮ್ಮನ ಮಗಳನ್ನು ಕೇಳಿದೆ. "ದೊಡ್ಡಪ್ಪ, ಮೊದಲು ಎಳೆ ದಂಟಿನ ಮೇಲೆ ಮಸಿ ಗೆರೆ ಹಾಕ್ರಿ" ಅಂದಳು. ಮುಂದಿನ ಬೆಳೆಯಲ್ಲಿ ತುದಿಯಿಂದ ಕೆಳಕ್ಕೆ ಸಮ ಅಂತರದಲ್ಲಿ ಹಾಕಿದೆ. ವಾರದ ಮೇಲೆ ನೋಡಿದರೆ ಮೇಲಿನ ಗೆರೆಗಳು ದೂರ ಸರಿದಿದ್ದವು, ಕೆಳಗಿನವು ಹಾಕಿದಷ್ಟೇ ಅಂತರದಲ್ಲಿ ಇದ್ದವು.

ಕಾರಣ ಹೀಗಿದೆ. ಗಿಡ ಎಂಬುದು ಬರಿಗಣ್ಣಿಗೆ ಕಾಣದ ಜೀವಕೋಶಗಳ ರಾಶಿ. ಕುಡಿಯ ತುದಿಯಲ್ಲಿ ಒಂದು ಕೋಶ ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತವೆ. ತುಸು ಕೆಳಗೆ ಅವೇ ಕೋಶಗಳು ನೀರು ಹೀರಿ ಉಬ್ಬಿ ಉದ್ದವಾಗುತ್ತವೆ. ಗಿಡ ಎತ್ತರ ಆಗೋದು ಹೀಗೆ. ನೀರಿಲ್ಲದಿದ್ದರೆ ಕೋಶ ಉಬ್ಬುವುದಿಲ್ಲ.

ಪ್ರತಿ ಎಲೆಯ ಬುಡದ ಸಂದಿನಲ್ಲಿ, ಕಬ್ಬಿಗೆ ಇರುವಂಥದೇ ಒಂದು ಕಣ್ಣು ಮಲಗಿರುತ್ತದೆ. ತುದಿಯ ಎಳೆ ಎಲೆಗಳಲ್ಲಿ ಹುಟ್ಟುವ ಆಕ್ಸಿನ್ ಎಂಬ ಹಾರ್ಮೋನು ಕೆಳಕ್ಕೆ ಹರಿಯುತ್ತಾ ಈ ಕಣ್ಣುಗಳನ್ನು ಏಳಗೊಡುವುದಿಲ್ಲ. 1933ರಲ್ಲಿ ಥಿಮನ್ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು ದ್ವಿದಳ ಗಿಡವೊಂದರ ಕುಡಿ ಕತ್ತರಿಸಿ, ಅಲ್ಲಿಗೆ ಆಕ್ಸಿನ್ ಕೊಟ್ಟು, ಕಣ್ಣು ಒಡೆಯದಂತೆ ತಡೆದು ತೋರಿಸಿದರು. 2014ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಬಟಾಣಿಯಲ್ಲಿ ಇನ್ನೊಂದು ಸಂಗತಿ ಕಂಡರು. ಎಲೆಯಲ್ಲಿ ತಯಾರಾದ ಸಕ್ಕರೆ ತುದಿಗೆ ಹೋಗುತ್ತಿರುತ್ತದೆ. ತುದಿ ಹೋದೊಡನೆ ಅದು ಕಣ್ಣುಗಳ ಕಡೆ ತಿರುಗುತ್ತದೆ. ಮೊದಲು ಎಬ್ಬಿಸುವುದು ಆ ಸಕ್ಕರೆಯೇ.

ಆದರೆ ಕಣ್ಣು ಎದ್ದರೆ ಸಾಲದು. ಕವಲಾಗಲು ಅದರ ಕೋಶಗಳು ಒಡೆಯಬೇಕು, ಉಬ್ಬಬೇಕು. ಅದಕ್ಕೆ ಹಸಿ ಬೇಕು, ದಿನ ಬೇಕು. ನನ್ನ ಹೊಲದಲ್ಲಿ ಎರಡೂ ಇರಲಿಲ್ಲ. ಬಂದ ಹೂವನ್ನೂ ಕುಡಿಯ ಜೊತೆ ಚಿವುಟಿ ಹಾಕಿದ್ದೆವು.

ಈಗ ನಾನು 30-35ನೇ ದಿನ, ಹೂವಿಗೆ ಮುಂಚೆ, ತುದಿಯ ಎಳೆ ಕುಡಿಯನ್ನಷ್ಟೇ ಚಿವುಟಿಸುತ್ತೇನೆ. ಅದಕ್ಕೂ ಮೊದಲು ಗೇಣು ಆಳ ಅಗೆದು ಮಣ್ಣು ಮುಷ್ಟಿಯಲ್ಲಿ ಹಿಡಿಯುತ್ತೇನೆ. ಉಂಡೆ ಕಟ್ಟಿದರೆ ಚಿವುಟುವುದು, ಕಟ್ಟದಿದ್ದರೆ ಆ ವರ್ಷ ಬಿಟ್ಟುಬಿಡುವುದು. ಔಷಧ ಹೊಡೆದ ಹೊಲದ ಕುಡಿ ಪಲ್ಯಕ್ಕೆ ಬೇಡ.

ರೈತ ಬಾಂಧವರೇ, ಬರುವ ಹಿಂಗಾರಿಗೆ ನೀವೂ ಹತ್ತು ಗಿಡಕ್ಕೆ ಮಸಿ ಗೆರೆ ಹಾಕಿ ನೋಡಿ. ಕಂಡದ್ದನ್ನು ಪತ್ರಿಕೆಗೆ ಬರೆಯಿರಿ.