ಸಾಲವಿಲ್ಲದವರಿಗೆ ಮೊದಲ ಕ್ರೆಡಿಟ್ ಕಾರ್ಡ್

ಕಳೆದ ಕೊಯ್ಲು ಮುಗಿದ ಮೇಲೆ ನಮ್ಮ ಹಿರಿಯ ಸದಸ್ಯರೊಬ್ಬರು ಸಂಘದ ಕಛೇರಿಗೆ ಬಂದು ಕಾರ್ಯದರ್ಶಿಗಳ ಮೇಜಿನ ಮೇಲೆ ಒಂದು ಕಾಗದ ಇಟ್ಟರು. ಪೇಟೆಯ ಬ್ಯಾಂಕೊಂದರಲ್ಲಿ ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿದ್ದರು. ಹಿಂದಿನ ಸಾಲದ ದಾಖಲೆ ಇಲ್ಲವೆಂಬ ಕಾರಣಕ್ಕೆ ಅದು ತಿರಸ್ಕೃತವಾಗಿತ್ತು. “28 ವರ್ಷದಿಂದ ವಾಯಿದೆಗೆ ಮುಂಚೆ ಸಾಲ ಕಟ್ಟಿದವ ನಾನು. ಬೇಕಾದರೆ ಲೆಡ್ಜರು ತೆಗೆದು ನೋಡಿ ಮಾರಾಯ್ರೆ” ಎಂದರು. ಲೆಡ್ಜರು ತೆಗೆದು ನೋಡಿದ್ದಾಯಿತು. ಒಂದು ಸಲವೂ ಸುಸ್ತಿ ಇರಲಿಲ್ಲ.

ಇಂಥ ಮುಖಭಂಗ ಇನ್ನೂ ಹಲವು ಸದಸ್ಯ ಬಾಂಧವರಿಗೆ ಆಗಬಹುದಾದ್ದರಿಂದ ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ನಮ್ಮ ಲೆಡ್ಜರು ಅವರಿಗೆ ಕಾಣುವುದಿಲ್ಲ

ಬ್ಯಾಂಕುಗಳು ಅರ್ಜಿದಾರನ ಪತ್ತನ್ನು ಊರಿನವರನ್ನು ಕೇಳಿ ತಿಳಿಯುವ ಕಾಲ ಹೋಯಿತು. 2000ದಲ್ಲಿ ಸ್ಥಾಪನೆಯಾದ ಸಿಬಿಲ್ ಮತ್ತು ಅಂಥ ಇನ್ನು ಮೂರು ಕಂಪನಿಗಳು ಸಾಲಗಾರರ ಲೆಕ್ಕ ಇಡುತ್ತವೆ. ಇವಕ್ಕೆ 2005ರ ಕಾಯಿದೆಯ ಆಧಾರವಿದೆ. ಬ್ಯಾಂಕುಗಳು ಕಳಿಸುವ ವಿವರದ ಮೇಲೆ 300ರಿಂದ 900ರವರೆಗೆ ಅಂಕ ಬೀಳುತ್ತದೆ. ಪ್ರಾಥಮಿಕ ಸಹಕಾರ ಸಂಘದ ಸಾಲದ ಲೆಕ್ಕ ಸಾಮಾನ್ಯವಾಗಿ ಅಲ್ಲಿಗೆ ಹೋಗುವುದಿಲ್ಲ. ಹೀಗಾಗಿ ಸಂಘದಲ್ಲಿ ಮಾತ್ರ ವ್ಯವಹಾರ ಮಾಡಿದವರು ಎಷ್ಟೇ ಪ್ರಾಮಾಣಿಕರಾದರೂ ಅವರ ಅಂಕದ ಜಾಗ ಖಾಲಿ. ಖಾಲಿ ಇರುವುದು ಬೇರೆ, ಕೆಟ್ಟಿರುವುದು ಬೇರೆ. ಆದರೂ ಬ್ಯಾಂಕಿನವರು ಹಿಂಜರಿಯುತ್ತಾರೆ.

ದಾಖಲೆ ಇಲ್ಲವೆಂಬ ಒಂದೇ ಕಾರಣಕ್ಕೆ ಮೊದಲ ಸಲದ ಸಾಲದ ಅರ್ಜಿಯನ್ನು ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕ್ ಸಲಹೆ ನೀಡಿದೆ ಎಂದು ಕೇಂದ್ರ ಸರ್ಕಾರವು 2025ರ ಆಗಸ್ಟ್‌ನಲ್ಲಿ ಲೋಕಸಭೆಗೆ ತಿಳಿಸಿತು. ಅರ್ಜಿದಾರರು ಇದನ್ನು ವ್ಯವಸ್ಥಾಪಕರ ಗಮನಕ್ಕೆ ತರಬಹುದು. ಆದರೆ ಕೊಡುವುದು ಬಿಡುವುದು ಕೊನೆಗೂ ಬ್ಯಾಂಕಿನ ತೀರ್ಮಾನ.

ಅಂದ ಹಾಗೆ, 1998ರಲ್ಲಿ ಆರಂಭವಾದ ಕಿಸಾನ್ ಕ್ರೆಡಿಟ್ ಕಾರ್ಡೇ ಬೇರೆ, ಇದೇ ಬೇರೆ. ಅದು ಬೇಸಾಯದ ಸಾಲ. ಇದು ತಿಂಗಳು ತಿಂಗಳು ತೀರಿಸಬೇಕಾದ ಕೈಗಡ.

ಠೇವಣಿಯ ಮೇಲೆ ಕಾರ್ಡು

ದಾಖಲೆ ಇಲ್ಲದವರಿಗೆ ಸುಲಭದ ದಾರಿ ಮುದ್ದತು ಠೇವಣಿಯ ಆಧಾರದ ಕಾರ್ಡು. ಹಲವು ಬ್ಯಾಂಕುಗಳು ಇದನ್ನು ಕೊಡುತ್ತವೆ. 50,000 ರೂಪಾಯಿ ಠೇವಣಿ ಇಟ್ಟು, ಬ್ಯಾಂಕು ಅದರ ಶೇಕಡಾ 80ರಷ್ಟು ಮಿತಿ ಕೊಟ್ಟಿತೆನ್ನಿ. 40,000ದವರೆಗೆ ಖರ್ಚು ಮಾಡಬಹುದು. ಠೇವಣಿಗೆ ಬಡ್ಡಿ ಬರುತ್ತಲೇ ಇರುತ್ತದೆ. ಆದರೆ ಕಾರ್ಡು ಇರುವವರೆಗೆ ಆ ಹಣ ಒತ್ತೆಯಲ್ಲಿದ್ದಂತೆ. ಬಾಕಿ ಉಳಿಸಿದರೆ ಬ್ಯಾಂಕು ಅದರಿಂದಲೇ ಮುರಿದುಕೊಳ್ಳುತ್ತದೆ.

ಪಹಣಿಯಲ್ಲಿ ಹೆಸರಿಲ್ಲದ ಮನೆಯ ಹೆಣ್ಣುಮಕ್ಕಳು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ತೋಟದ ಲೆಕ್ಕವನ್ನೆಲ್ಲ ಅವರೇ ನೋಡಿದರೂ ಅವರ ಹೆಸರಿನಲ್ಲಿ ಒಂದು ಸಾಲು ದಾಖಲೆ ಇರುವುದಿಲ್ಲ. ಸ್ವಂತ ಹೆಸರಿನ ಚಿಕ್ಕ ಠೇವಣಿಯಿಂದ ಅದು ಶುರುವಾಗಬಹುದು.

ಒಂದೇ ವಾರ ನಾಲ್ಕು ಬ್ಯಾಂಕುಗಳಿಗೆ ಅರ್ಜಿ ಹಾಕಬೇಡಿ. ಒಂದೊಂದು ವಿಚಾರಣೆಯೂ ದಾಖಲೆಯಲ್ಲಿ ಬೀಳುತ್ತದೆ. ಫೋನಿನಲ್ಲಿ ಕಾರ್ಡು ಕೊಡುತ್ತೇವೆಂದು ಒಟಿಪಿ ಕೇಳುವವರಿಗೆ ಏನನ್ನೂ ಹೇಳಬೇಡಿ.

ವರ್ಷದ ಫಸಲು, ತಿಂಗಳ ಬಿಲ್ಲು

ಬೆಳೆಗಾರರು ಎಡವುವುದು ಇಲ್ಲಿಯೇ. ನಮ್ಮ ಕೈಗೆ ಹಣ ಬರುವುದು ಕಾಫಿ ಅಥವಾ ಅಡಿಕೆ ಮಾರಿದಾಗ. ಕಾರ್ಡಿನ ಬಿಲ್ಲಾದರೋ ಆಷಾಢದ ಮಳೆಯಲ್ಲೂ ತಪ್ಪದೆ ಬರುತ್ತದೆ. ಬಿಲ್ಲಿನಲ್ಲಿ “ಕನಿಷ್ಠ ಪಾವತಿ” ಎಂದು ಒಂದು ಸಣ್ಣ ಮೊತ್ತ ಇರುತ್ತದೆ. ಅದನ್ನಷ್ಟೇ ಕಟ್ಟಿ “ಉಳಿದದ್ದು ಫಸಲಿನ ಮೇಲೆ” ಎನ್ನುವ ನಮ್ಮ ರೂಢಿ ಇಲ್ಲಿ ನಡೆಯದು. 20,000 ಬಾಕಿಯಲ್ಲಿ 1,000 ಕಟ್ಟಿದರೆ ಉಳಿದ 19,000ಕ್ಕೆ ತಿಂಗಳಿಗೆ ಶೇಕಡಾ 3.5ರಂತೆ 665 ರೂಪಾಯಿ ಬಡ್ಡಿ, ಅದರ ಮೇಲೆ ಜಿಎಸ್‌ಟಿ. ಕಟ್ಟಿದ್ದರಲ್ಲಿ ಬಹುಪಾಲು ಬಡ್ಡಿಗೇ ಹೋಯಿತು. ಮೇಲಾಗಿ ಹೊಸ ಖರೀದಿಗೆ ಬಡ್ಡಿಯಿಲ್ಲದ ದಿನಗಳ ಸೌಲಭ್ಯವೂ ತಪ್ಪುತ್ತದೆ.

ಶನಿವಾರದ ಬಟವಾಡೆಗೆಂದು ಕಾರ್ಡಿನಿಂದ ನಗದು ತೆಗೆಯಲೇಬಾರದು. ಅದಕ್ಕೆ ಶುಲ್ಕವೂ ಇದೆ, ತೆಗೆದ ದಿನದಿಂದಲೇ ಬಡ್ಡಿಯೂ ಇದೆ. ಗೊಬ್ಬರಕ್ಕೆ ನಮ್ಮ ಸಂಘದ ಬೆಳೆ ಸಾಲವೇ ಅಗ್ಗ.

ಹಾಗಾದರೆ ಕಾರ್ಡು ಯಾತಕ್ಕೆ? ಹೇಗೂ ಕಟ್ಟಲೇಬೇಕಾದ ಕರೆಂಟು, ಫೋನು, ಗ್ಯಾಸಿನ ಬಿಲ್ಲುಗಳನ್ನು ಅದರಿಂದ ಕಟ್ಟಿ, ಅಷ್ಟೇ ಹಣವನ್ನು ಉಳಿತಾಯ ಖಾತೆಯಲ್ಲಿ ಮೊದಲೇ ಇಟ್ಟಿರಬೇಕು. ವಾಯಿದೆಯ ದಿನ ಪೂರ್ತಿ ಬಾಕಿಯನ್ನು ಖಾತೆಯಿಂದ ತಾನಾಗಿ ಮುರಿದುಕೊಳ್ಳುವಂತೆ ಬ್ಯಾಂಕಿಗೆ ಬರೆದುಕೊಡಬೇಕು. ಮಿತಿಯ ಮೂರನೆಯ ಒಂದು ಪಾಲಿನೊಳಗೆ ಖರ್ಚು ಇರಲಿ. ಹೀಗೆ ತಪ್ಪದೆ ನಡೆಸಿದರೆ ಕೆಲವು ತಿಂಗಳಲ್ಲಿ ಖಾಲಿ ಜಾಗದಲ್ಲಿ ಅಂಕ ಮೂಡುತ್ತದೆ. ಮುಂದೆ ಮನೆ ಸಾಲಕ್ಕೋ ಮಕ್ಕಳ ಓದಿನ ಸಾಲಕ್ಕೋ ಬ್ಯಾಂಕಿಗೆ ಹೋದಾಗ ಅದು ನೆರವಿಗೆ ಬರುತ್ತದೆ. ವರ್ಷಕ್ಕೊಮ್ಮೆ ಪ್ರತಿ ಕಂಪನಿಯಿಂದಲೂ ತಮ್ಮ ವರದಿಯನ್ನು ಉಚಿತವಾಗಿ ಪಡೆದು ತಪ್ಪುಗಳಿದ್ದರೆ ತಿದ್ದಿಸಬಹುದು.

ಮೇಲೆ ಹೇಳಿದ ಹಿರಿಯರು ಈಗ ಠೇವಣಿ ಇಟ್ಟು ಕಾರ್ಡು ಪಡೆದಿದ್ದಾರೆ. ಪ್ರತಿ ತಿಂಗಳ ಬಿಲ್ಲನ್ನು ಸಂಘದ ಪಾಸ್ ಪುಸ್ತಕದೊಳಗೇ ಮಡಿಸಿ ಇಡುತ್ತಾರೆ. ಸಂಶಯವಿದ್ದ ಸದಸ್ಯರು ಅರ್ಜಿಗೆ ಸಹಿ ಮಾಡುವ ಮುಂಚೆ ಕಛೇರಿ ವೇಳೆಯಲ್ಲಿ ಕಾರ್ಯದರ್ಶಿಗಳನ್ನು ಕಂಡು ವಿಚಾರಿಸಬೇಕಾಗಿ ವಿನಂತಿ.