ಹೊಟ್ಟೆನೋವಿಗೆ ಪ್ಯಾಂಟ್ ಬಿಚ್ಚಿಸುವುದೇಕೆ?

ದಾವಣಗೆರೆಯ ಓದುಗರೊಬ್ಬರು ಕೊಂಚ ಅಸಮಾಧಾನದಿಂದಲೇ ಕೇಳಿದ್ದಾರೆ: ‘14 ವರ್ಷದ ಮಗನಿಗೆ ಬೆಳಗಿನ ಜಾವ ಹೊಟ್ಟೆನೋವು, ವಾಂತಿ. ಆಸ್ಪತ್ರೆಗೆ ಕರೆದೊಯ್ದರೆ ಡಾಕ್ಟರು ಹೊಟ್ಟೆಯನ್ನು ಒಂದೆರಡು ಸಲ ಒತ್ತಿ, ತಕ್ಷಣ ಪ್ಯಾಂಟ್ ಬಿಚ್ಚಿಸಿ ಬೀಜ ಮುಟ್ಟಿ ನೋಡಿದರು. ಹುಡುಗ ನಾಚಿ ನೀರಾದ. ಇದೆಲ್ಲ ಬೇಕಿತ್ತೇ?’

ಬೇಕಿತ್ತು. ನೋಡದೆ ಕಳಿಸಿದ್ದರೆ ಸಿಟ್ಟಾಗಬೇಕಿತ್ತು.

ವೃಷಣಗಳು ಮೂಲತಃ ಹೊಟ್ಟೆಯೊಳಗಿನ ಅಂಗಗಳು. ಭ್ರೂಣದಲ್ಲಿ ಅವು ರೂಪುಗೊಳ್ಳುವುದು ಮೂತ್ರಪಿಂಡಗಳ ನೆರೆಯಲ್ಲಿ. ಬಸಿರಿನ ಕೊನೆಯ ತಿಂಗಳುಗಳಲ್ಲಿ ತೊಡೆಸಂದಿನ ಹಾದಿಯಿಂದ ಜಾರಿ ಚೀಲ ಸೇರುತ್ತವೆ. ಈ ಇಳಿಯುವಿಕೆಯನ್ನು 1762ರಲ್ಲಿ ಸೊಗಸಾಗಿ ವಿವರಿಸಿದವನು ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್. ವೃಷಣಕ್ಕೆ ದಾರಿ ಮಾಡಿಕೊಡುವ ಪಟ್ಟಿಗೆ ‘ಗುಬರ್ನಾಕ್ಯುಲಮ್’ ಎಂದು ಹೆಸರಿಟ್ಟವನೂ ಅವನೇ. ಊರು ಬಿಟ್ಟು ಬೆಂಗಳೂರು ಸೇರಿ ಇಪ್ಪತ್ತು ವರ್ಷವಾದರೂ ರೇಷನ್ ಕಾರ್ಡು, ವೋಟು ಊರಿನಲ್ಲೇ ಇಟ್ಟುಕೊಂಡವರಿಲ್ಲವೇ? ವೃಷಣದ್ದೂ ಅದೇ ಕಥೆ. ಮನೆ ಬದಲಾಯಿತು, ದಾಖಲೆ ಬದಲಾಗಲಿಲ್ಲ. ಅದಕ್ಕೆ ರಕ್ತ ಬರುವುದು ಈಗಲೂ ಮೂತ್ರಪಿಂಡದ ಮಟ್ಟದಲ್ಲಿ ಮಹಾಧಮನಿಯಿಂದ ಕವಲೊಡೆದ ನಾಳದಿಂದ. ಅದರ ನೋವಿನ ನರಗಳು ಬೆನ್ನುಹುರಿಯನ್ನು ಸೇರುವುದು ಹೊಕ್ಕುಳ ಸುತ್ತಲಿನ ಚರ್ಮದ ನರಗಳು ಸೇರುವ ಮಟ್ಟದಲ್ಲೇ. ಕೆಳಗೆ ಪೆಟ್ಟಾದರೆ ದೂರು ಹಳೇ ವಿಳಾಸಕ್ಕೆ ಹೋಗುತ್ತದೆ. ಹುಡುಗ ಹೊಟ್ಟೆ ಹಿಡಿದುಕೊಳ್ಳುತ್ತಾನೆ. ಅಂಚೆ ತಿರುಗಾಮುರುಗಾ ಆಗುವುದೂ ಉಂಟು: ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡವರಿಗೆ ಬೀಜ ಸೆಳೆಯುತ್ತದೆ, ಅಲ್ಲಿ ಮುಟ್ಟಿ ನೋಡಿದರೆ ಏನೂ ಇರುವುದಿಲ್ಲ.

ಡಾಕ್ಟರಿಗೆ ಇದ್ದ ಭಯ ‘ಟಾರ್ಶನ್’, ಅಂದರೆ ವೃಷಣ ತಿರುಚಿಕೊಳ್ಳುವುದು. ರಕ್ತನಾಳ, ನರ, ವೀರ್ಯನಾಳ ಎಲ್ಲ ಸೇರಿದ ಒಂದೇ ಹುರಿಗೆ ವೃಷಣ ತೂಗಿಕೊಂಡಿರುತ್ತದೆ. ಸಾಮಾನ್ಯವಾಗಿ ಹಿಂಬದಿಯಲ್ಲಿ ಚೀಲದ ಗೋಡೆಗೆ ಅಂಟಿಕೊಂಡಿರುವುದರಿಂದ ಸುತ್ತು ಬೀಳುವುದಿಲ್ಲ. ಕೆಲವರಲ್ಲಿ ಹುಟ್ಟಿನಿಂದಲೇ ಈ ಅಂಟು ಇರುವುದಿಲ್ಲ. ಅಂಥವರಲ್ಲಿ, ಹೆಚ್ಚಾಗಿ 12ರಿಂದ 18ರ ವಯಸ್ಸಿನಲ್ಲಿ, ಹುರಿ ಸುತ್ತಿಕೊಳ್ಳುತ್ತದೆ. ಆಟದಲ್ಲೇ ಪೆಟ್ಟು ಬೀಳಬೇಕೆಂದಿಲ್ಲ, ನಿದ್ದೆಯಲ್ಲೂ ಆಗುತ್ತದೆ. ಮೊದಲು ಅಶುದ್ಧ ರಕ್ತ ಹೊರಹೋಗುವ ಸಿರೆ ಕಟ್ಟಿಕೊಂಡು ವೃಷಣ ಊದುತ್ತದೆ, ಆಮೇಲೆ ಧಮನಿಯೂ ಮುಚ್ಚುತ್ತದೆ. ಆರು ಗಂಟೆಯೊಳಗೆ ಸುತ್ತು ಬಿಡಿಸಿದರೆ ನೂರರಲ್ಲಿ 90ಕ್ಕೂ ಹೆಚ್ಚು ವೃಷಣಗಳು ಉಳಿಯುತ್ತವೆ. 12 ಗಂಟೆಯ ಹೊತ್ತಿಗೆ ಸುಮಾರು ಅರ್ಧ. ಒಂದು ದಿನ ಕಳೆದರೆ ಉಳಿಯುವುದು ಅಪರೂಪ. ಹಾಗೆಂದು ತಡವಾಯಿತಲ್ಲ ಎಂದು ಮನೆಯಲ್ಲೇ ಕೂರಬಾರದು. ಸುತ್ತು ಎಷ್ಟು ಬಿಗಿ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ಥರ.

ನಮ್ಮಲ್ಲಿ ಈ ಗಂಟೆಗಳು ಸೋರಿಹೋಗುವುದು ಮನೆಯಲ್ಲಿ. ಹುಡುಗ ಅಮ್ಮನ ಹತ್ತಿರ ‘ಹೊಟ್ಟೆನೋವು’ ಅನ್ನುತ್ತಾನೆ. ಅದು ಸುಳ್ಳೂ ಅಲ್ಲ. ಅಮ್ಮ ಓಮದ ಕಷಾಯ ಕೊಡುತ್ತಾರೆ, ಅಜ್ಜಿ ಬಟ್ಟಿ ಬಿದ್ದಿದೆ ಎಂದು ಹೊಟ್ಟೆ ತಿಕ್ಕಿಸುತ್ತಾರೆ, ಅಪ್ಪ ಗ್ಯಾಸ್ ಮಾತ್ರೆ ತರುತ್ತಾರೆ. ‘ಕೆಳಗೇನಾದರೂ ನೋವಿದೆಯೇನೋ?’ ಎಂದು ಯಾರೂ ಕೇಳುವುದಿಲ್ಲ. ವೈದ್ಯರೂ ಎಡವಿದ್ದಾರೆ ಅನ್ನಿ. ಟಾರ್ಶನ್ನಿನ ಮೊದಲ ವರದಿ ಎಂದು ಹೇಳುವ, 1840ರ ಫ್ರೆಂಚ್ ವೈದ್ಯ ಡೆಲಾಸಿಯೋವ್‌ನ ಬರಹದ ಶೀರ್ಷಿಕೆಯಲ್ಲೇ ಅದನ್ನು ಹರ್ನಿಯಾ ಎಂದು ತಿಳಿದ ಸಂಗತಿಯಿದೆ.

ಪರೀಕ್ಷೆ ಸರಳ. ಒಳತೊಡೆಯನ್ನು ಮೆಲ್ಲಗೆ ಗೀರಿದರೆ ಆ ಬದಿಯ ವೃಷಣ ಥಟ್ಟನೆ ಮೇಲೇಳಬೇಕು. ಸುತ್ತು ಬಿದ್ದಿದ್ದರೆ ಸಾಮಾನ್ಯವಾಗಿ ಏಳುವುದಿಲ್ಲ. ನೊಂದ ವೃಷಣ ಮೇಲಕ್ಕೆ ಸರಿದು ಅಡ್ಡಡ್ಡ ಮಲಗಿರುವುದೂ ಉಂಟು. ಅನುಮಾನವಿದ್ದರೆ ಡಾಪ್ಲರ್ ಸ್ಕ್ಯಾನಿನಲ್ಲಿ ರಕ್ತದ ಹರಿವು ನೋಡುತ್ತಾರೆ. ಲಕ್ಷಣಗಳು ಸ್ಪಷ್ಟವಿದ್ದಾಗ ಸ್ಕ್ಯಾನಿಗೂ ಕಾಯದೆ ಆಪರೇಷನ್ ಮಾಡುವುದೇ ಸರಿಯಾದ ಕ್ರಮ.

ಬೀಜದ ನೋವೆಲ್ಲ ಟಾರ್ಶನ್ ಅಲ್ಲ. ವೃಷಣದ ಹಿಂಬದಿಯ ನಾಳಕ್ಕೆ ಸೋಂಕು ತಗುಲಿದರೆ ನೋವು ಒಂದೆರಡು ದಿನದಲ್ಲಿ ಏರುತ್ತದೆ, ಜ್ವರ, ಉರಿಮೂತ್ರ ಜತೆಗಿರಬಹುದು. ಯುವಕರಲ್ಲಿ ಇದಕ್ಕೆ ಲೈಂಗಿಕ ಸೋಂಕು ಕಾರಣವಾದರೆ ಸಂಗಾತಿಗೂ ಚಿಕಿತ್ಸೆ ಬೇಕು. ಪ್ರಾಯಕ್ಕೆ ಬಂದವರಿಗೆ ಮಂಗನಬಾವು ಬಂದರೆ ಕೆನ್ನೆ ಊದಿದ ವಾರದೊಳಗೆ ವೃಷಣವೂ ಊದಬಹುದು. ತೊಡೆಸಂದಿನ ಹರ್ನಿಯಾ ಒಳಗೆ ಹೋಗದೆ ಸಿಕ್ಕಿಕೊಂಡರೆ ಅದೂ ತುರ್ತೇ. ನಿಂತು ಕೆಲಸ ಮಾಡುವವರಿಗೆ ಸಂಜೆ ಹೊತ್ತಿಗೆ ಜಗ್ಗುವ ನೋವು ಹೆಚ್ಚಾಗಿ ಊದಿದ ಸಿರೆಗಳದ್ದು. ಅದಕ್ಕೆ ಓಡಬೇಕಿಲ್ಲ, ವಾರದಲ್ಲಿ ತೋರಿಸಿದರಾಯಿತು. ನೋವಿಲ್ಲದ ಗಟ್ಟಿ ಗಂಟು ಸಿಕ್ಕರೆ ಮಾತ್ರ ನೋವಿಲ್ಲವೆಂದು ಸುಮ್ಮನಿರಬೇಡಿ, ಕ್ಯಾನ್ಸರ್ ಹೀಗೆಯೇ ಬರುವುದು ಹೆಚ್ಚು.

ಆದರೆ ಯಾವುದು ಯಾವುದೆಂದು ಮೊಬೈಲ್ ನೋಡಿ ವಿಂಗಡಿಸಲು ಹೋಗಬೇಡಿ. ಹಠಾತ್ತನೆ ಒಂದು ಬದಿ ಜೋರಾಗಿ ನೊಂದರೆ, ಜತೆಗೆ ವಾಂತಿಯಾದರೆ, ಪೆಟ್ಟು ಬಿದ್ದು ಒಂದು ಗಂಟೆಯಾದರೂ ನೋವು ಇಳಿಯದಿದ್ದರೆ, ರಾತ್ರಿ ಎರಡಾದರೂ ಸರಿ, ಸರ್ಜನ್ ಇರುವ ಆಸ್ಪತ್ರೆಗೇ ಹೋಗಿ. ದಾರಿಯಲ್ಲಿ ಕಾಫಿ, ಇಡ್ಲಿ ಬೇಡ, ಅರಿವಳಿಕೆ ಕೊಡಬೇಕಾಗಬಹುದು. ನೋವು ತಾನಾಗಿ ನಿಂತರೂ ತೋರಿಸಿ. ಸುತ್ತು ತಾನೇ ಬಿಚ್ಚಿಕೊಂಡಿರಬಹುದು, ಮತ್ತೆ ಬೀಳಬಹುದು.

ಆಪರೇಷನ್ನಿನಲ್ಲಿ ಸುತ್ತು ಬಿಡಿಸಿ, ಬೆಚ್ಚಗಿನ ಬಟ್ಟೆ ಸುತ್ತಿ, ಬಣ್ಣ ತಿರುಗುತ್ತದೆಯೇ ಎಂದು ಕಾಯುತ್ತಾರೆ. ತಿರುಗಿದರೆ ಚೀಲದ ಗೋಡೆಗೆ ಹೊಲಿಯುತ್ತಾರೆ, ಇಲ್ಲವಾದರೆ ತೆಗೆಯುತ್ತಾರೆ. ಇನ್ನೊಂದನ್ನೂ ಅದೇ ಹೊತ್ತಿನಲ್ಲಿ ಹೊಲಿಯುತ್ತಾರೆ, ಏಕೆಂದರೆ ಹುಟ್ಟಿನ ದೋಷ ಸಾಮಾನ್ಯವಾಗಿ ಎರಡೂ ಕಡೆ ಇರುತ್ತದೆ. ಒಂದೇ ಉಳಿದರೂ, ಅದು ಆರೋಗ್ಯವಾಗಿದ್ದರೆ, ಮೀಸೆಗೂ ಮಕ್ಕಳಿಗೂ ಸಾಮಾನ್ಯವಾಗಿ ತೊಂದರೆಯಿಲ್ಲ.