ಗಾಡಿ ಏಕೆ ಕುಣಿಯುತ್ತದೆ?

ನಮ್ಮೂರು ಹರದನಹಳ್ಳಿ ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಹಾದಿಯಲ್ಲಿದೆ. ಆ ಹಾದಿ ಪುಣಜನೂರನ್ನು ದಾಟಿ, ಕಾಡನ್ನು ಹೊಕ್ಕು, ಹಾಸನೂರಿನ ಆಚೆಗೆ ದಿಂಬಂ ಘಾಟಿಯ 27 ಕಡಿದಾದ ತಿರುವುಗಳಲ್ಲಿ ಬಯಲಿಗೆ ಇಳಿಯುತ್ತದೆ. ಜೀವಮಾನವೆಲ್ಲ ಕನ್ನಡ ಪಾಠ ಹೇಳಿದ ನಾನು ಇಂದು ಯಂತ್ರದ ಮಾತನ್ನಾಡಲು ಈ ಘಾಟಿಯೇ ಕಾರಣ.

ಕೆಲವು ವರ್ಷಗಳ ಹಿಂದೆ ಮನೆಮಂದಿಯನ್ನು ಕೂರಿಸಿಕೊಂಡು ಅಲ್ಲಿ ಇಳಿಯುತ್ತಿದ್ದೆ. ಒಂದು ತಿರುವಿನ ನಡುವೆ ರಸ್ತೆ ಕಿತ್ತುಹೋಗಿತ್ತು. ಬ್ರೇಕು ಒತ್ತಿದೆ. ಕಾರು ಮೂಗು ತಗ್ಗಿಸಿತು. ಹಿಂಬದಿ ಎರಡು ಸಲ ಹಾರಿ ಹೊರ ಅಂಚಿನ ಕಡೆಗೆ ಸರಿಯಿತು. ತಡೆಗೋಡೆಗೆ ಗೇಣುದೂರದಲ್ಲಿ ನಿಂತೆವು. ಹಿಂದಿನ ಸೀಟಿನಲ್ಲಿದ್ದ ಮೊಮ್ಮಗು ಅದನ್ನೊಂದು ಆಟವೆಂದು ತಿಳಿದು ನಕ್ಕಿತು, ಉಳಿದವರಾರೂ ನಗಲಿಲ್ಲ.

ಬ್ರೇಕು ಸರಿಯಾಗಿಯೇ ಇತ್ತು, ಟೈರುಗಳು ಹೊಸವು. ದೋಷವಿದ್ದದ್ದು ಶಾಕ್ ಅಬ್ಸಾರ್ಬರುಗಳಲ್ಲಿ. ಗ್ಯಾರೇಜಿನವರ ಬಾಯಲ್ಲಿ ಇದು ‘ಶಾಕಪ್ಸರ್’. ಹೆಸರನ್ನು ಕೇಳಿದರೆ ಗುಂಡಿಯ ಪೆಟ್ಟನ್ನು ಇದೇ ನುಂಗಿಕೊಳ್ಳುತ್ತದೆ ಎನಿಸುತ್ತದೆ. ಆದರೆ ಪೆಟ್ಟನ್ನು ಮೊದಲು ತಾಳಿಕೊಳ್ಳುವುದೂ ಗಾಡಿಯ ಭಾರವನ್ನು ಹೊರುವುದೂ ಸ್ಪ್ರಿಂಗಿನ ಕೆಲಸ. ಸ್ಪ್ರಿಂಗಿಗೆ ಒಂದು ದುರ್ಗುಣವುಂಟು. ತೂಗಿಬಿಟ್ಟ ತೊಟ್ಟಿಲಿನ ಹಾಗೆ, ಒಮ್ಮೆ ಅಲುಗಿದರೆ ಅದು ತಾನಾಗಿ ಬೇಗನೆ ನಿಲ್ಲಲಾರದು. ತೊಟ್ಟಿಲನ್ನು ಹಿಡಿದು ನಿಲ್ಲಿಸುವ ತಾಯಿಯ ಕೈ ಯಾವುದೋ, ಅದೇ ಶಾಕ್ ಅಬ್ಸಾರ್ಬರು.

ಅದರ ರಚನೆ ಸರಳ. ಪಿಚಕಾರಿಯಲ್ಲಿ ಹರಳೆಣ್ಣೆ ತುಂಬಿ ಒತ್ತಿ ನೋಡಿ. ಮೆಲ್ಲಗೆ ಒತ್ತಿದರೆ ಹಿಡಿ ಸರಿಯುತ್ತದೆ; ರಭಸದಿಂದ ಒತ್ತಿದರೆ ಬಲವಾಗಿ ಎದುರೊತ್ತುತ್ತದೆ. ಶಾಕ್ ಅಬ್ಸಾರ್ಬರಿನ ಕೊಳವೆಯೊಳಗೂ ಎಣ್ಣೆಯಿದೆ. ಚಕ್ರ ಮೇಲೆ ಕೆಳಗೆ ಆಡಿದಾಗ ಪಿಸ್ಟನ್ನಿನ ಸಣ್ಣ ರಂಧ್ರಗಳ ಮೂಲಕ ಆ ಎಣ್ಣೆ ತೂರಿಹೋಗಬೇಕು. ಕುಣಿತದ ಶಕ್ತಿಯೆಲ್ಲ ಹೀಗೆ ಶಾಖವಾಗಿ ಮಾರ್ಪಟ್ಟು ಗಾಳಿಗೆ ಸೇರುತ್ತದೆ. ಸೀಲು ಸವೆದು ಎಣ್ಣೆ ಸೋರಿದರೆ, ಒಳಗಿನ ಕವಾಟಗಳು ಸಡಿಲವಾದರೆ ಆ ತಡೆ ಇಲ್ಲವಾಗುತ್ತದೆ. ಕೈಯಿಲ್ಲದ ತೊಟ್ಟಿಲು ತೂಗುತ್ತಲೇ ಇರುತ್ತದೆ. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರಿನ ಹಿಂಬದಿಯಲ್ಲಿ ಒಂದರ ಮೇಲೊಂದು ಜೋಡಿಸಿದ ಪಟ್ಟಿ ಸ್ಪ್ರಿಂಗುಗಳಿದ್ದವು. ಆ ಪಟ್ಟಿಗಳ ಪರಸ್ಪರ ತಿಕ್ಕಾಟವೇ ಕುಣಿತವನ್ನು ತುಸು ಹತೋಟಿಯಲ್ಲಿಡುತ್ತಿತ್ತು. ಸುರುಳಿ ಸ್ಪ್ರಿಂಗಿನ ಕಾರುಗಳಲ್ಲಿ ಆ ನೆರವಿಲ್ಲ. ಹೊಣೆಯೆಲ್ಲ ಶಾಕ್ ಅಬ್ಸಾರ್ಬರಿನದೇ.

ಇದು ಕೇವಲ ಮೈಕೈ ನೋವಿನ ಪ್ರಶ್ನೆಯಲ್ಲ. ಕಾರು ನೆಲವನ್ನು ಹಿಡಿದಿರುವುದು ನಾಲ್ಕು ಅಂಗೈಯಗಲದ ರಬ್ಬರಿನಿಂದ ಮಾತ್ರ. ಚಕ್ರ ಪುಟಿದು ನೆಲ ಬಿಟ್ಟ ಕ್ಷಣದಲ್ಲಿ ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ. ಇಂದಿನ ಕಾರುಗಳಲ್ಲಿ ಚಕ್ರ ಬಿಗಿಹಿಡಿಯದಂತೆ ಕಾಯುವ ಎಬಿಎಸ್ ಇದೆಯೆಂಬುದು ನಿಜ. ಆದರೆ ಅದು ಸಹ ನೆಲವನ್ನು ಮುಟ್ಟಿದ ಚಕ್ರದ ಮೇಲೆ ಮಾತ್ರ ತನ್ನ ಜಾಣತನವನ್ನು ತೋರಬಲ್ಲುದು.

ಹಾಗಾದರೆ ರೋಗವನ್ನು ಗುರುತಿಸುವುದು ಹೇಗೆ? ಬ್ರೇಕು ಒತ್ತಿದಾಗ ಮೂಗು ಅತಿಯಾಗಿ ತಗ್ಗುವುದು. ತಿರುವಿನಲ್ಲಿ ಮೈ ಒಂದೇ ಕಡೆಗೆ ವಾಲುವುದು. ರಸ್ತೆಯ ಉಬ್ಬನ್ನು ದಾಟಿದ ಮೇಲೂ ಎರಡು ಮೂರು ಸಲ ತೂಗುವುದು. ರಾತ್ರಿ ದೀಪದ ಬೆಳಕು ಮುಂದಿನ ರಸ್ತೆಯ ಮೇಲೆ ತಲೆದೂಗುವುದು. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡನ್ನು ಹಾದುಹೋಗುವವರಿಗೆ ಅಲ್ಲಿನ ಉಬ್ಬುಗಳೇ ಪರೀಕ್ಷಕರು. ಟೈರಿನ ಮೇಲೆ ಅಂಗೈ ಸವರಿದಾಗ ಅಲ್ಲಲ್ಲಿ ಬಟ್ಟಲಿನಂಥ ತಗ್ಗುಗಳು ಸಿಕ್ಕರೂ ಅನುಮಾನಪಡಬೇಕು. ಕೊಳವೆಯ ಮೇಲೆ ತೆಳ್ಳನೆಯ ತೇವವಿದ್ದರೆ ಭಯವಿಲ್ಲ. ಎಣ್ಣೆ ಧಾರೆಯಾಗಿ ಇಳಿದು ಧೂಳು ಮೆತ್ತಿಕೊಂಡಿದ್ದರೆ ಅದರ ಆಯುಸ್ಸು ಮುಗಿಯಿತೆಂದೇ ಅರ್ಥ.

ಎಲ್ಲ ತೊಂದರೆಯನ್ನೂ ಇದರ ತಲೆಗೇ ಕಟ್ಟುವುದು ಮಾತ್ರ ಸಲ್ಲದು. ಕಾರು ಸದಾ ಒಂದೇ ಪಕ್ಕಕ್ಕೆ ಎಳೆದರೆ ಟೈರಿನ ಗಾಳಿ, ಅಲೈನ್‌ಮೆಂಟು, ಬ್ರೇಕುಗಳನ್ನು ನೋಡಬೇಕು. ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಸ್ಟೀರಿಂಗು ನಡುಗಿದರೆ ಚಕ್ರದ ಬ್ಯಾಲೆನ್ಸಿಂಗ್ ತಪ್ಪಿರಬಹುದು. ನಿಂತಲ್ಲೇ ಒಂದು ಮೂಲೆ ಕುಸಿದಿದ್ದರೆ ಅದು ಬಹುಮಟ್ಟಿಗೆ ಸ್ಪ್ರಿಂಗಿನ ದೋಷ. ಭಾರ ಹೊರುವುದು ಅದೇ ಎಂದು ಆಗಲೇ ಹೇಳಿದೆನಷ್ಟೆ.

ನನ್ನ ಕಾರಿನ ಅಲೈನ್‌ಮೆಂಟನ್ನು ಎರಡು ಸಲ ಮಾಡಿಸಿ ಹಣ ಕಳೆದುಕೊಂಡ ಮೇಲೆ, ಒಬ್ಬ ಹಿರಿಯ ಮೆಕ್ಯಾನಿಕ್ಕು ಮಾತಿಲ್ಲದೆ ಕಾರಿನ ಮೂಲೆಯನ್ನು ಬಲವಾಗಿ ಅದುಮಿ ಕೈಬಿಟ್ಟರು. ಅದು ಒಮ್ಮೆ ಮೇಲೆದ್ದು ತನ್ನ ಮಟ್ಟಕ್ಕೆ ಬಂದು ನಿಲ್ಲಬೇಕಿತ್ತು. ಮೂರು ಸಲ ತೂಗಿತು. ಇದು ಯಾರೂ ಮನೆಯಂಗಳದಲ್ಲಿ ಮಾಡಬಹುದಾದ ಪರೀಕ್ಷೆ. ಇದರಲ್ಲಿ ಸೋತದ್ದು ಕೆಟ್ಟಿದೆಯೆಂಬುದು ಬಹುಮಟ್ಟಿಗೆ ಖಚಿತ. ಗೆದ್ದದ್ದೆಲ್ಲ ಚೆನ್ನಾಗಿದೆಯೆಂದು ಮಾತ್ರ ಹೇಳಲಾಗದು. ಬಿಗಿಯಾದ ಸ್ಪ್ರಿಂಗಿನ ಕಾರು ಸವೆತವನ್ನು ಮರೆಮಾಚಬಲ್ಲುದು. ಅನುಮಾನ ಉಳಿದರೆ ಗಾಡಿಯನ್ನು ಎತ್ತಿಸಿ ನೋಡಿಸುವುದೇ ಸರಿ. ಬದಲಿಸುವಾಗ ಮುಂದಿನವೆರಡನ್ನು ಅಥವಾ ಹಿಂದಿನವೆರಡನ್ನು ಜೋಡಿಯಾಗಿಯೇ ಬದಲಿಸಬೇಕು. ಒಂದು ಬಿಗಿ, ಒಂದು ಸಡಿಲವಾದರೆ ಕಾರು ಎರಡೂ ಪಕ್ಕಗಳಲ್ಲಿ ಒಂದೇ ರೀತಿ ನಡೆದುಕೊಳ್ಳದು.

ಅಂದು ಆ ಹಿರಿಯರು ಕೇಳಿದ್ದು ಒಂದೇ ಪ್ರಶ್ನೆ: “ಇಷ್ಟು ದಿನ ನಿಮಗೆ ಗೊತ್ತಾಗಲಿಲ್ವಾ ಸಾರ್?” ನಿಜಕ್ಕೂ ಗೊತ್ತಾಗಿರಲಿಲ್ಲ. ಬ್ರೇಕು ಕೆಟ್ಟರೆ ಕೂಗಿ ಹೇಳುತ್ತದೆ. ಇದು ದಿನಕ್ಕೆ ಕೂದಲೆಳೆಯಷ್ಟು ಸವೆಯುತ್ತದೆ. ನಮ್ಮ ಕೈಯೂ ಅಷ್ಟಷ್ಟೇ ಅದಕ್ಕೆ ಹೊಂದಿಕೊಂಡು, ಕಾರಿನ ಸ್ವಭಾವವೇ ಹೀಗೆಂದು ಸಮಾಧಾನ ಹೇಳುತ್ತದೆ. ಆ ಹೊಂದಾಣಿಕೆ ಊರ ಬೀದಿಯಲ್ಲಿ ನಡೆದೀತು, ಘಾಟಿಯ ತಿರುವಿನಲ್ಲಿ ನಡೆಯದು. ಆದ್ದರಿಂದ ದೂರದ ಪಯಣಕ್ಕೆ ಹೊರಡುವ ಮುನ್ನ ಕಾರಿನ ನಾಲ್ಕು ಮೂಲೆಗಳನ್ನೂ ಒಮ್ಮೆ ಅದುಮಿ ನೋಡಿ. ಅದಕ್ಕೆ ಬೇಕಾದದ್ದು ಎರಡು ನಿಮಿಷ ಮಾತ್ರ.